ದಂಡೋಬಾನ ಗುಡ್ಡದಲ್ಲಿ ಒಂದು ಕನ್ನಡದ ಮಧ್ಯಾಹ್ನ

ಮಿರಜಿನ ನಮ್ಮ ಮನೆಗೆ ಎರಡು ಕದದ ಬಾಗಿಲಿತ್ತು, ಆದರೆ ಹಗಲು ಹೊತ್ತು ಅದು ಮುಚ್ಚಿದ್ದನ್ನು ನಾನು ಕಂಡೇ ಇಲ್ಲ. ಅವ್ವ ಊರಿನ ಒಂದು ದೊಡ್ಡ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಅಥಣಿ, ರಾಯಬಾಗ, ಜಮಖಂಡಿ ಕಡೆಯ ರೋಗಿಗಳು ರೈಲಿಳಿದೋ ಬಸ್ಸಿಳಿದೋ ಬಂದವರೇ, ಕನ್ನಡ ಮಾತಾಡುವ ನರ್ಸಬಾಯಿ ಎಲ್ಲಿದ್ದಾಳೆ ಎಂದು ಕೇಳಿಕೊಂಡು ವಾರ್ಡಿಗಿಂತ ಮೊದಲು ನಮ್ಮ ಮನೆ ಹೊಗುತ್ತಿದ್ದರು. ಅವ್ವನ ತವರಿನ ಕಡೆಯದೊಂದು ಸಂಬಂಧ ಹೇಗೋ ಹೊಂದಿಸಿಕೊಂಡೇ ಬಂದಿರುತ್ತಿದ್ದರು. ನಿಮ್ಮ ಸೋದರಮಾವನ ಬೀಗರ ಊರಿನವರು ಅಂದರೆ ಸಾಕು, ಅವ್ವ ಒಳಗೆ ಹೋಗಿ ಹಿಟ್ಟು ನಾದಲು ಕೂತುಬಿಡುತ್ತಿದ್ದಳು. ಅವರ ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದರಲ್ಲಿ ರೊಟ್ಟಿಯ ಗಂಟು. ನಮ್ಮ ಹಾಸಿಗೆ ಅವರಿಗೆ ಹೋಗುತ್ತಿತ್ತು, ನಾವು ಮೂವರು ಮಕ್ಕಳು ಅಡುಗೆಮನೆಯಲ್ಲಿ ಒಂದೇ ಕೌದಿಯೊಳಗೆ ಒಬ್ಬರನ್ನೊಬ್ಬರು ಒದೆಯುತ್ತ ಮಲಗುತ್ತಿದ್ದೆವು. ಅಣ್ಣ ಆ ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಇವರ ಎಲುಬು ಗಟ್ಟಿ ಅದಾವ, ಇವರು ಉಳಿತಾರ ಎಂದು ದೊಡ್ಡ ಡಾಕ್ಟರನ ಹಾಗೆ ತೀರ್ಪು ಕೊಡುತ್ತಿದ್ದ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ಜಂಕ್ಷನ್ನಿಗಿಂತ ನಮ್ಮ ಮನೆಯಲ್ಲೇ ಗದ್ದಲ ಜಾಸ್ತಿ ಎಂದು ನಗುತ್ತ, ಊಟ ಮುಗಿಸಿ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ.

ಹೀಗೆ ಬಂದವರೆಲ್ಲ ಎರಡನೇ ತುತ್ತಿಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು. ಮನೆಯ ತುಂಬ ಅವರಿವರ ಮಕ್ಕಳು ಓಡಾಡುತ್ತಿದ್ದವಲ್ಲ, ಅದಕ್ಕೆ.

"ಇದರಾಗ ನಿಮ್ಮವು ಯಾವ್ವು ಬಾಯಾರ?"

ಅವ್ವ ಇದ್ದರೆ ಹಿಟ್ಟಿನ ಕೈಯಿಂದಲೇ ನಮ್ಮ ಮೂವರನ್ನೂ ತೋರಿಸುತ್ತಿದ್ದಳು. ಅವಳು ಡ್ಯೂಟಿಗೆ ಹೋಗಿದ್ದರೆ ಉತ್ತರಿಸುವ ಅಧಿಕಾರ ಅಣ್ಣನದು. ತನ್ನನ್ನೂ ಅಕ್ಕನನ್ನೂ ತೋರಿಸಿ, ನನ್ನ ಕಡೆಗೆ ಗದ್ದ ಎತ್ತಿ, "ಇಕಿ ಬಾಜೂ ಮನೀ ಕಾಕೂನಾಕಿ" ಎಂದುಬಿಡುತ್ತಿದ್ದ. ಬಂದವರು ಪಾಪ, ನಂಬುತ್ತಿದ್ದರು. ಯಾಕೆಂದರೆ ನಾನು ಆ ಕೂಡಲೇ ಕಾಲು ನೆಲಕ್ಕೆ ಬಡಿದು, "ಖೋಟಂ ಬೋಲತೋಯ ಹಾ" ಎಂದು ಕಿರುಚುತ್ತಿದ್ದೆ. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು, ಅಪ್ಪಟ ಮರಾಠಿಯಲ್ಲಿ.

ಇದಕ್ಕೆ ಕಾರಣವಿತ್ತು. ಅವ್ವನ ಡ್ಯೂಟಿ ಹಗಲು ರಾತ್ರಿ ಎಂದು ಬದಲಾಗುತ್ತಿದ್ದುದರಿಂದ ನನ್ನನ್ನು ತೊಟ್ಟಿಲ ಕೂಸಾಗಿದ್ದಾಗಿನಿಂದ ಪಕ್ಕದ ಮನೆಯ ಕಾಕೂ ಸಂಬಾಳಿಸಿದ್ದಳು. ಕಾಕೂಗೆ ಕನ್ನಡ ಒಂದಕ್ಷರ ಬಾರದು. ನಾನು ಮೊದಲ ಮಾತು ಆಡಿದ್ದು ಅವಳ ಅಡುಗೆಮನೆಯಲ್ಲಿ. ಅವಳ ಮಕ್ಕಳು ಅವಳನ್ನು ಆಯಿ ಅನ್ನುತ್ತಿದ್ದರಲ್ಲ, ನಾನು ನನ್ನ ಅವ್ವನನ್ನೂ ಆಯಿ ಎಂದೇ ಕರೆದೆ. ಮನೆಯಲ್ಲಿ ಯಾರು ಏನು ಕನ್ನಡ ಮಾತಾಡಿದರೂ ನನಗೆ ತಿಳಿಯುತ್ತಿತ್ತು, ತಿರುಗಿ ಉತ್ತರ ಕೊಡುವಾಗ ಮಾತ್ರ ಬಾಯಿ ಕಾಕೂನ ಮನೆಗೆ ಓಡುತ್ತಿತ್ತು. ಇವಳ ಕಿವಿ ನಮ್ಮದು, ಬಾಯಿ ಅವರದು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅಪ್ಪನ ತಮಾಷೆಗೆ ನಾನೂ ನಗುತ್ತಿದ್ದೆ. ಅಣ್ಣನದು ಹಾಗಲ್ಲ. ನಮ್ಮ ಗಲ್ಲಿಯ ಮೂಲೆಯಲ್ಲಿ ಸಿತಾರ ಮಾಡುವವರ ಅಂಗಡಿ ಇತ್ತು, ಅದರ ಮುಂದೆ ದೊಡ್ಡ ದೊಡ್ಡ ಒಣ ಸೋರೆ ಬುರುಡೆಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟಿರುತ್ತಿದ್ದರು. ಅಂಥದೊಂದು ಬುರುಡೆಯಲ್ಲಿ ನಾನು ಸಿಕ್ಕಿದ್ದೆಂದೂ, ಸಿತಾರ ಸರಿಯಾಗಿ ನುಡಿಯಲಿಲ್ಲವೆಂದು ನೋಡಿದರೆ ಒಳಗೆ ನಾನಿದ್ದೆನೆಂದೂ ಅಣ್ಣ ಬಹಳ ಗಂಭೀರವಾಗಿ ಹೇಳಿದ್ದ. ಏಳು ವರ್ಷದ ಹುಡುಗಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ, ಗೊತ್ತಿದ್ದರೂ ಆ ಅಂಗಡಿಯ ಮುಂದೆ ಹೋಗುವಾಗ ಎದೆ ಡವಗುಟ್ಟುತ್ತದೆ. ನನಗೆ ಆ ದಿನಗಳಲ್ಲಿ ಬೇಕಾಗಿದ್ದುದು ಹೊಸ ಲಂಗವಲ್ಲ, ಬೊಂಬೆಯಲ್ಲ. ಮಂದಿಯ ಮುಂದೆ ಅಣ್ಣ ಒಂದೇ ಒಂದು ಸಲ, ಇಕಿ ನಮ್ಮ ತಂಗಿ ಅನ್ನಬೇಕಾಗಿತ್ತು.

ಕಾಕೂನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಕುರಿಯ ಹಿಂಡೊಂದು ನಮ್ಮ ಗಲ್ಲಿಯಲ್ಲಿ ಹಾಯ್ದು ಹೋಗುವಾಗ ಕೊಬ್ಬಿದ ಟಗರೊಂದು ಅವಳ ಬಾಗಿಲಲ್ಲಿದ್ದ ತಾಮ್ರದ ಹಂಡೆಗೆ ಗುದ್ದಿ ತಗ್ಗು ಬೀಳಿಸಿತ್ತು. ಅಂದಿನಿಂದ ನಾನು ಉಣ್ಣಲು ಹಟ ಮಾಡಿದಾಗೆಲ್ಲ ಕಾಕೂ ಆ ಹಂಡೆ ತೋರಿಸಿ, "ಎಡಕಾ ಆಲಾ, ಎಡಕಾ ಆಲಾ, ತೋಂಡ ಉಘಡ" ಅನ್ನುತ್ತಿದ್ದಳು. ಎಡಕಾ ಎಂದರೆ ಮರಾಠಿಯಲ್ಲಿ ಟಗರು. ಟಗರು ಬಂತು, ಬಾಯಿ ತೆಗೆ. ಬೇರೆ ಮಕ್ಕಳಿಗೆ ಗುಮ್ಮ ಬರುತ್ತಿತ್ತು, ನನಗೆ ಟಗರು.

ಆ ಭಾನುವಾರ ಮನೆ ತುಂಬಿ ತುಳುಕುತ್ತಿತ್ತು. ರಾಯಬಾಗದ ಕಡೆಯ ಅಜ್ಜಿಯೊಬ್ಬಳು ಕಣ್ಣಿನ ಪೊರೆ ತೆಗೆಸಿಕೊಂಡು ಬೆಳಗ್ಗೆಯಷ್ಟೇ ದವಾಖಾನೆಯಿಂದ ನಮ್ಮ ಪಡಸಾಲೆಗೆ ಬಂದಿದ್ದಳು. ಎರಡೂ ಕಣ್ಣಿಗೆ ಬಿಳಿ ಪಟ್ಟಿ. ಅವಳ ಸೊಸೆ, ಸೊಸೆಯ ತಮ್ಮ, ಅವನ ಇಬ್ಬರು ಮಕ್ಕಳು ಸೇವೆಗೆಂದು ಜೊತೆಗೆ. ಅಜ್ಜಿಗೆ ನಿದ್ದೆ ಬೇಕು, ಸದ್ದಾಗಬಾರದು. ಅವ್ವ ಅಕ್ಕನ ಕೈಗೆ ರೊಟ್ಟಿಯ ಡಬ್ಬಿಯನ್ನೂ ಬಸ್ಸಿನ ಚಿಲ್ಲರೆಯನ್ನೂ ಕೊಟ್ಟು, ಸಂಜೆ ದೀಪ ಹಚ್ಚುವ ತನಕ ಮನೆ ಕಡೆ ಮುಖ ಹಾಕಬ್ಯಾಡ್ರಿ ಎಂದು ಹೊರಗಟ್ಟಿದಳು. ಅಣ್ಣ ಆಗಲೇ ನಿಶ್ಚಯ ಮಾಡಿಬಿಟ್ಟಿದ್ದ. ದಂಡೋಬಾನ ಗುಡ್ಡ. ಅಲ್ಲಿಯ ಅಡವಿಯಲ್ಲಿ ಸೀತಾಫಲ ಬಿಟ್ಟಿರುವ ಸುದ್ದಿ ಶಾಲೆಯಲ್ಲಿ ಕೇಳಿದ್ದ. ಅದುವರೆಗೂ ಅಲ್ಲಿಗೆ ಹೋಗುವಾಗ ನನ್ನನ್ನು ಕಾಕೂನ ಮನೆಯಲ್ಲಿ ಬಿಟ್ಟೇ ಹೋಗುತ್ತಿದ್ದರು. ಆ ದಿನ ಕಾಕೂ ಸಾಂಗ್ಲಿವಾಡಿಯ ತಂಗಿಯ ಮನೆಗೆ ಹೋಗಿದ್ದಳು, ನನ್ನನ್ನು ಬಿಡಲು ಜಾಗವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ತನ್ನ ಶರತ್ತು ಹೇಳಿದ.

"ಬಸ್ಸ ಇಳದಿಂದ ಮತ್ತ ಬಸ್ಸ ಹತ್ತೂತನಕ ಬರೀ ಕನ್ನಡ. ಒಂದು ಮರಾಠಿ ಶಬ್ದ ಬಾಯಾಗಿಂದ ಬಿತ್ತಂದ್ರ ನೀ ಕಾಕೂನ ಮಗಳು ಅನ್ನೂದು ಖಾಯಂ."

"ಮೀ ಜಿಂಕಲೇ ತರ?" ಎಂದೆ. ಗೆದ್ದರೆ ಏನು ಎಂದು ಕೇಳಿದ್ದು.

"ಗೆದ್ರ ಮಂದಿ ಮುಂದ ನಮ್ಮ ತಂಗಿ ಅಂತೇನಿ."

ಅಕ್ಕ ಹಗುರಾಗಿ ಮಾತಾಡುವವಳಲ್ಲ. ಹದಿನೈದಕ್ಕೇ ಅವಳಿಗೆ ಅರ್ಧ ಅವ್ವನ ಗತ್ತು ಬಂದಿತ್ತು. ಅಣ್ಣನ ಕೈ ಹಿಡಿದು ರೊಟ್ಟಿಯ ಡಬ್ಬಿಯ ಮೇಲೆ ಇಡಿಸಿ, ಅನ್ನದ ಆಣಿ ಮಾಡು ಅಂದಳು. ನಮ್ಮ ಮನೆಯಲ್ಲಿ ದೇವರ ಆಣೆಯನ್ನು ಮುರಿದವರುಂಟು, ಅನ್ನದ ಆಣೆಯನ್ನು ಯಾರೂ ಮುರಿದಿರಲಿಲ್ಲ. ಅಣ್ಣ ಮುಖ ಹುಳ್ಳಗೆ ಮಾಡಿಕೊಂಡು ಆಣೆ ಮಾಡಿದ.

ಭೋಸೆಯ ಹತ್ತಿರ ಬಸ್ಸಿಳಿದು ಗುಡ್ಡದ ದಾರಿ ಹಿಡಿದೆವು. ಮಳೆಗಾಲ ಮುಗಿಯುತ್ತ ಬಂದ ದಿನಗಳು. ಉಳಿದ ವರ್ಷವೆಲ್ಲ ಬಿಸಿಲಿಗೆ ಕಂದಿ ನಿಲ್ಲುವ ಗುಡ್ಡ ಆಗ ಹಸಿರು ಉಟ್ಟಿರುತ್ತಿತ್ತು. ಹುಲ್ಲು ನನ್ನ ಸೊಂಟಕ್ಕೆ ಬರುತ್ತಿತ್ತು. ಬೇವು, ಜಾಲಿ, ಗುಲ್ಮೊಹರದ ನಡುವೆ ನೀಲಗಿರಿಯ ವಾಸನೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಡೆದೆ. ಮಾತಾಡದಿದ್ದರೆ ಸೋಲುವ ಪ್ರಶ್ನೆಯೇ ಇಲ್ಲವಲ್ಲ. ಅಣ್ಣ ಬಿಡಬೇಕೇ? ಮೂಕಿ ಆಗೂದು ನಡಿಯಂಗಿಲ್ಲ, ಮಾತಾಡಬೇಕು ಅಂದ. ನಾನು ಬಹಳ ಹೊತ್ತು ಯೋಚಿಸಿ, "ಗಿಡ ಭಾಳ ಅದಾವ" ಅಂದೆ. ಅಕ್ಕ ನಕ್ಕು ನನ್ನ ಬೆನ್ನು ತಟ್ಟಿದಳು. ಧೈರ್ಯ ಬಂತು. "ಹುಲ್ಲ ಭಾಳ ಐತಿ. ಕಲ್ಲ ಭಾಳ ಅದಾವ" ಎಂದು ಕಂಡದ್ದನ್ನೆಲ್ಲ ಎಣಿಸುತ್ತ ಹತ್ತಿದೆ. ಅರ್ಧ ಏರು ಮುಗಿಯುವಷ್ಟರಲ್ಲಿ ಗಂಟಲು ಒಣಗಿ, ನಾಲಿಗೆ ತಾನಾಗಿಯೇ ತಹಾನ ಎಂದು ಹೊರಟಿತು. ಅದು ಮರಾಠಿಯ ನೀರಡಿಕೆ. ತುಟಿಯ ತನಕ ಬಂದದ್ದನ್ನು ಹೇಗೆ ತಿರುಗಿಸಿದೆನೋ.

"ತಹಾ... ತಾ. ನೀರು ತಾ."

"ಇಕಿ ತಹಾನ ಅನ್ನಾಕ ಹೊಂಟಿದ್ಲು," ಅಂದ ಅಣ್ಣ.

"ಅಂದ್ಲೇನು? ಇಲ್ಲಲ್ಲ. ನೀರು ತಾ ಅಂದ್ಲು, ಕೊಡು," ಅಂದಳು ಅಕ್ಕ.

ನೀರು ಕುಡಿದು ನಾನು ಪೂರ್ತಿ ಜೋರಾದೆ. ಅಣ್ಣ, "ಆ ಬಾಜೂಕ ಹೋಗಬ್ಯಾಡ, ಮುಳ್ಳ ಅದಾವ" ಅಂದದ್ದೇ ತಡ, ಬಾಜೂ ಮರಾಠಿ, ನೀನಽ ಸೋತಿ ಎಂದು ಎರಡು ಕೈ ತಟ್ಟಿದೆ. ಅಣ್ಣನಿಗೆ ಸಿಟ್ಟು ಬಂತು. ಹಾಗೆ ನೋಡಿದರೆ ನಮ್ಮ ಮನೆಯ ಕನ್ನಡದಲ್ಲಿ ಮರಾಠಿ ಎಷ್ಟು ಬೆರೆತಿತ್ತೆಂದರೆ ಆರಿಸಲು ಕೂತರೆ ಮೊರ ತುಂಬಿಬಿಡುತ್ತಿತ್ತು. ಕಾಕಾ, ಮಾವಶಿ ಎಂದು ನಾವು ಕರೆಯುವ ನಂಟರೇ ಅರ್ಧ ಮರಾಠಿಯವರು. ಜಗಳ ಹರಿಯುವಂತೆ ಕಾಣದಿದ್ದಾಗ ಅಕ್ಕ ಒಂದು ಕಲ್ಲಿನ ಮೇಲೆ ಕೂತು ಕಾಯ್ದೆ ಮಾಡಿದಳು. ಅವ್ವ ದಿನಾ ಮನೆಯಲ್ಲಿ ಅನ್ನುವುದೆಲ್ಲ ಕನ್ನಡ, ಕಾಕೂ ಮಾತ್ರ ಅನ್ನುವುದು ಮರಾಠಿ. ಇಬ್ಬರೂ ಒಪ್ಪಿದೆವು. ಈಗ ಯೋಚಿಸಿದರೆ ನಾನು ಮುಂದೆ ಸಾಂಗ್ಲಿಯ ಶಾಲೆಯೊಂದರಲ್ಲಿ ಇಡೀ ಆಯುಷ್ಯ ಮರಾಠಿ ವ್ಯಾಕರಣ ಕಲಿಸಿದರೂ ಅಷ್ಟು ಒಳ್ಳೆಯ ಸೂತ್ರ ಯಾವ ಪಠ್ಯದಲ್ಲೂ ಸಿಗಲಿಲ್ಲ.

ಮೇಲೆ ಬಂಡೆ ಕೊರೆದು ಮಾಡಿದ ಗುಡಿಯೊಳಗೆ ಹೋದರೆ ಮೈಗೆ ತಣ್ಣೀರು ಸುರಿದ ಹಾಗಾಯಿತು. ಕೈ ಮುಗಿದು ಕಣ್ಣು ಮುಚ್ಚಿದೆ. ದೇವರಲ್ಲಿ ಬೇಡಿಕೊಂಡದ್ದು ಮಾತ್ರ ಮರಾಠಿಯಲ್ಲೇ, ಮನಸ್ಸಿನೊಳಗೆ. ಮನಸ್ಸಿನ ಮಾತು ಅಣ್ಣನಿಗೆ ಕೇಳಿಸುವುದಿಲ್ಲ, ಆಣೆಯೊಳಗೂ ಬರುವುದಿಲ್ಲ ಎಂದು ನನ್ನ ಲೆಕ್ಕ. ಹೊರಗೆ ಬಂಡೆಯ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಣ್ಣ ಉಳ್ಳಾಗಡ್ಡಿಯನ್ನು ಕಲ್ಲ ಮೇಲಿಟ್ಟು ಒಂದೇ ಗುದ್ದಿಗೆ ಒಡೆದು ನನಗೂ ಒಂದು ಪಾಲು ಕೊಟ್ಟ. ಅವನು ಕೆಟ್ಟವನಾಗಿರಲಿಲ್ಲ. ನನ್ನನ್ನು ಗೋಳಾಡಿಸುವುದು ಅವನಿಗೆ ಊಟದ ಜೊತೆಯ ಉಪ್ಪಿನಕಾಯಿ ಇದ್ದ ಹಾಗೆ. ಆಮೇಲೆ ಸೀತಾಫಲ ಹುಡುಕಿದೆವು. ಕಣ್ಣು ಬಿಟ್ಟ ಕಾಯಿಗಳನ್ನು ಅಣ್ಣ ಕಿತ್ತು ಎಸೆಯುವುದು, ನಾನು ಲಂಗದ ಅಂಚು ಹಿಡಿದು ಕೆಳಗೆ ನಿಲ್ಲುವುದು. ಮನೆಗೆ ಒಯ್ದು ಜೋಳದ ಚೀಲದಲ್ಲಿ ಹುಗಿದಿಟ್ಟರೆ ನಾಲ್ಕು ದಿನಕ್ಕೆ ಹಣ್ಣಾಗುತ್ತಿದ್ದವು. ಬಿಸಿಲು ಇಳಿಯುತ್ತಿತ್ತು. ನಾನು ಇನ್ನೂ ಒಂದೂ ತಪ್ಪಿರಲಿಲ್ಲ. ಅಣ್ಣ ಎರಡು ಸಲ ನನ್ನನ್ನು ಸಿಟ್ಟಿಗೆಬ್ಬಿಸಿ ನೋಡಿದ, ನಾನು ಹಲ್ಲು ಕಚ್ಚಿ ಕನ್ನಡದಲ್ಲೇ ಬೈದೆ.

ಇಳಿಯುವಾಗ ಅವರಿಬ್ಬರೂ ಮುಂದೆ, ಲಂಗದ ತುಂಬ ಸೀತಾಫಲ ಹೊತ್ತ ನಾನು ಹಿಂದೆ. ದಾರಿ ಕಡಿದಾಗಿ ಹೊರಳುತ್ತಿದ್ದುದರಿಂದ ಒಮ್ಮೊಮ್ಮೆ ಅವರ ತಲೆ ಕೂಡ ಕಾಣುತ್ತಿರಲಿಲ್ಲ. ಕೆಳಗೆ ಒಂದು ಕಡೆ ಕಾಲುದಾರಿ ಕವಲೊಡೆಯುತ್ತಿತ್ತು. ನಾನು ತಪ್ಪಬಾರದೆಂದು ಅಣ್ಣ ತಿರುಗಿ ನಿಂತು ಕೂಗಿದ.

"ಕುಸ್ಮೀ, ಎಡಕ ಬಾ. ಎಡಕ, ಎಡಕ."

ಎಡಗಡೆಗೆ ಬಾ ಅಂದದ್ದು ಪಾಪ. ಮೂರೂ ಲೋಕಕ್ಕೆ ಅದು ಕನ್ನಡ. ಆದರೆ ಇಡೀ ಮಧ್ಯಾಹ್ನ ಕನ್ನಡ ಕಾಯ್ದು ಕಾಯ್ದು ದಣಿದಿದ್ದ ನನ್ನ ಕಿವಿ ಆ ಒಂದು ಗಳಿಗೆ ಕಾಕೂನ ಅಡುಗೆಮನೆಗೆ ಹೋಗಿ ಕೂತಿತ್ತು. ಎಡಕಾ, ಎಡಕಾ. ತಗ್ಗು ಬಿದ್ದ ಹಂಡೆ ಕಣ್ಣ ಮುಂದೆ ಬಂತು. ಸೀತಾಫಲಗಳನ್ನು ಅಲ್ಲೇ ಚೆಲ್ಲಿ, ದಾರಿ ಬಿಟ್ಟು, ಹುಲ್ಲೊಳಗೆ ದಿಕ್ಕೆಟ್ಟು ಓಡಿದೆ. ಮುಳ್ಳು ಪರಚಿತು, ಒಂದು ಚಪ್ಪಲಿ ಹೋಯಿತು. ದೊಡ್ಡ ಬಂಡೆಯೊಂದರ ಹಿಂದೆ ಹೋಗಿ ಬಾಯಿ ಮುಚ್ಚಿ ಕೂತೆ. ಕೆಳಗೆ ಅಣ್ಣ ಅಕ್ಕ ನನ್ನ ಹೆಸರು ಹಿಡಿದು ಕೂಗುವುದು ಕೇಳಿಸುತ್ತಿತ್ತು. ಅಕ್ಕನ ದನಿ ಮೊದಲು ಸಿಟ್ಟಿನದಿತ್ತು, ಆಮೇಲೆ ಅಳುವಿನ ಅಂಚಿಗೆ ಬಂತು. ಓ ಅನ್ನಲು ಹೆದರಿಕೆ, ಟಗರಿಗೆ ಗೊತ್ತಾದರೆ ಎಂದು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಯಾರೋ ಜೋರಾಗಿ ಉಸಿರುಬಿಟ್ಟರು.

ತಿರುಗಿ ನೋಡಿದರೆ ಟಗರು. ಸುಳ್ಳಲ್ಲ, ನಿಜವಾದ ಟಗರು. ಸುರುಳಿ ಕೊಂಬು, ಕರಿ ಮೂತಿ. ಕೊರಳ ಹಗ್ಗ ಕವಳಿಯ ಮುಳ್ಳುಕಂಟಿಗೆ ಸುತ್ತಿಕೊಂಡು ಅಲ್ಲಾಡದಂತಾಗಿತ್ತು. ನನ್ನನ್ನು ನೋಡಿ ಅದೂ ಹೆದರಿರಬೇಕು, ಮುಂಗಾಲಿನಿಂದ ನೆಲ ಕೆರೆಯಿತು. ಆಣೆ, ಶರತ್ತು, ತಂಗಿ ಎಲ್ಲ ಮರೆತುಹೋಯಿತು. ಗಂಟಲು ಹರಿಯುವಂತೆ ಕೂಗಿದೆ.

"ಎಡಕಾ! ಎಡಕಾ! ಎಡಕಾ!"

ಮುಂದೆ ಆದದ್ದನ್ನು ಅಕ್ಕ ಆಮೇಲೆ ನೂರು ಸಲ ಹೇಳಿದ್ದಾಳೆ. ಅವರಿಬ್ಬರೂ ಕವಲಿನ ತನಕ ತಿರುಗಿ ಬಂದು, ಚೆಲ್ಲಿದ ಸೀತಾಫಲ ನೋಡಿ ಎದೆ ಒಡೆದು ನಿಂತಿದ್ದರು. ಯಾವ ಕಡೆ ಹುಡುಕುವುದು? ಆಗ ನನ್ನ ಕೂಗು ಕೇಳಿತು. ಎಡಕ್ಕ ಬಾ ಅನ್ನಾಕತ್ತಾಳ ಎಂದು ಅಣ್ಣ ಒಂದೇ ಉಸಿರಿಗೆ ಎಡಕ್ಕೆ ತಿರುಗಿ ಓಡಿದ, ಹಿಂದೆ ಅಕ್ಕ. ನೇರ ಬಂಡೆಗೇ ಬಂದರು. ಅಣ್ಣ ಬಂದವನೇ ನನ್ನ ಕೈ ಹಿಡಿದೆಳೆದು ತನ್ನ ಬೆನ್ನ ಹಿಂದೆ ಹಾಕಿಕೊಂಡು, ಟಗರಿನ ಎದುರು ಎರಡೂ ಕೈ ಅಗಲಿಸಿ ನಿಂತ. ನಾನು ಅವನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅದೇ ಹೊತ್ತಿಗೆ ಮೇಲಿನ ಕಡೆಯಿಂದ ಕಚ್ಚೆ ಸೀರೆಯ ಮುದುಕಿಯೊಬ್ಬಳು ಕೋಲು ಊರಿಕೊಂಡು ಏದುಸಿರು ಬಿಡುತ್ತ ಇಳಿದು ಬಂದಳು. "ಕುಠಂ ಹಾಯ? ಕುಠಂ ಹಾಯ ಮಾಝಾ ಎಡಕಾ?" ಎಲ್ಲಿದೆ ನನ್ನ ಟಗರು ಎಂದು. ಅವಳ ಟಗರು ಕಳೆದಿತ್ತು, ನನ್ನ ಕೂಗು ಕೇಳಿ ಯಾರಿಗೋ ಸಿಕ್ಕಿದೆ ಎಂದು ಓಡಿಬಂದಿದ್ದಳು. ಅಕ್ಕ ಆಗಲೇ ನನ್ನನ್ನು ಅಪ್ಪಿಕೊಂಡು ಕನ್ನಡದಲ್ಲಿ ಬೈಯುತ್ತಿದ್ದಳು. ಅದು ಕಿವಿಗೆ ಬಿದ್ದದ್ದೇ ಮುದುಕಿ ಮಾತು ಬದಲಿಸಿದಳು.

"ಅಯ್ಯ, ನಮ್ಮವರಽ ಏನ ನೀವು? ನಾ ಬೇಡಗ ಊರಾಕಿ. ಊಟದ ಹೊತ್ತಿನಿಂದ ಹುಡುಕಾಕತ್ತೇನಿ ಈ ಮೂಳನ್ನ. ಕೂಗಿದಾಕಿ ಯಾರವ್ವಾ?"

ನಾನು ಅಣ್ಣನ ಬೆನ್ನ ಹಿಂದಿನಿಂದ ಕೈ ಎತ್ತಿದೆ. ಮುದುಕಿ ನನ್ನ ಕೆನ್ನೆಗೆ ಕೈ ಹಚ್ಚಿ ತನ್ನ ಕಿವಿಯ ಮೇಲೆ ನೆಟಿಗೆ ಮುರಿದುಕೊಂಡಳು. ಹಗ್ಗ ಬಿಡಿಸುತ್ತ, ನೀವು ಮೂರೂ ಒಬ್ಬಾಕಿ ಮಕ್ಕಳೇನು ಎಂದು ಕೇಳಿದಳು. ನಾನು ಅಣ್ಣನ ಮುಖ ನೋಡಿದೆ. ಅಣ್ಣ, ಬಸ್ಸಿಗೆ ತಡಾ ಆಗತೈತಿ ನಡೀರಿ ಅಂದ. ಟಗರು ದೂರವಾದ ಮೇಲೆ ಅವನ ಬಾಯಿಗೆ ಮತ್ತೆ ಶಕ್ತಿ ಬಂದಿತ್ತು.

"ಟಗರ ಅನಬೇಕಾಗಿತ್ತು. ಎಡಕಾ ಅಂದ್ಲು. ಅದು ಕಾಕೂನ ಶಬ್ದ. ಸೋತ್ಲು."

ನನಗೆ ಅಳು ಒತ್ತರಿಸಿಕೊಂಡು ಬಂತು. ಚಪ್ಪಲಿ ಹೋದದ್ದಕ್ಕಲ್ಲ, ಮುಳ್ಳಿಗಲ್ಲ. ಬಸ್ಸಿನ ದಾರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಸೋತಿದ್ದೆನಲ್ಲ, ಅದಕ್ಕೆ. ಅಕ್ಕ ನನ್ನ ಕಳೆದ ಚಪ್ಪಲಿಯನ್ನು ಹುಲ್ಲಲ್ಲಿ ಹುಡುಕಿ ತಂದು ಕಾಲಿಗೆ ಹಾಕುತ್ತ, ತಲೆ ಎತ್ತದೆ ಕೇಳಿದಳು.

"ಆಕಿ ಕೂಗಿದಾಗ ನೀ ಯಾ ಕಡೆ ತಿರುಗಿದಿ?"

"ಎಡಕ."

"ಯಾಕ?"

"ಎಡಕ ಅಂದ್ಲಲ್ಲ..."

ಅಂದವನು ಅಲ್ಲಿಗೇ ನಿಂತ. ಅಕ್ಕ ಚಪ್ಪಲಿಯ ಬಾರು ಬಿಗಿದು ಎದ್ದು ನಡೆದಳು. ಅಣ್ಣ ಸ್ವಲ್ಪ ಹೊತ್ತು ಕಲ್ಲು ಒದೆಯುತ್ತ ಬಂದ. ಸೋತಿ ಎಂದೂ ಅನ್ನಲಿಲ್ಲ, ಗೆದ್ದಿ ಎಂದೂ ಅನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಮಾತ್ರ ನನಗೆ ಬಿಟ್ಟುಕೊಟ್ಟು, "ಸರಿ ಎಡಕಾ, ಕುಂದ್ರು" ಅಂದ. ಇವತ್ತಿಗೂ ಅವನ ಬಾಯಲ್ಲಿ ನನಗೆ ಅದೇ ಹೆಸರು. ಬೆಳಗ್ಗೆ ಫೋನು ಮಾಡಿ, ಏನ ಎಡಕಾ, ಚಹಾ ಆತೇನು ಅನ್ನುತ್ತಾನೆ. ಅವನಿಗೂ ಹಲ್ಲಿಲ್ಲ, ನನಗೂ ಮೊಣಕಾಲಿಲ್ಲ. ಅಂದು ನಾನು ಯಾವ ಭಾಷೆಯಲ್ಲಿ ಕೂಗಿದೆ ಎಂಬ ವ್ಯಾಜ್ಯ ಇನ್ನೂ ಹರಿದಿಲ್ಲ.

ಮನೆ ಮುಟ್ಟಿದಾಗ ಅವ್ವ ದೀಪ ಹಚ್ಚುತ್ತಿದ್ದಳು. ಪರಚಿದ ನನ್ನ ಕಾಲು ನೋಡಿ ಅರಿಸಿನ ಎಣ್ಣೆ ಹಚ್ಚಿದಳು, ಏನಾಯಿತೆಂದು ಕೇಳಿ ಅಕ್ಕನ ಕಡೆ ಕಣ್ಣು ಬಿಟ್ಟಳು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಪಟ್ಟಿ ಕಟ್ಟಿಕೊಂಡ ಅಜ್ಜಿ ಗೋಡೆಗೊರಗಿ ಕೂತಿದ್ದಳು, ಸೊಸೆ ತುತ್ತು ಮಾಡಿ ಕೈಗೆ ಕೊಡುತ್ತಿದ್ದಳು. ನಾನು ದಾರಿಯುದ್ದಕ್ಕೂ ಎಚ್ಚರದಿಂದಲೇ ಇದ್ದೆ. ಬಸ್ಸು ಹತ್ತಿದ ಮೇಲೆ ಶರತ್ತು ಮುಗಿದಿತ್ತು, ಆದರೂ ಬಾಯಿ ಬಿಡಲು ಧೈರ್ಯವಿರಲಿಲ್ಲ. ಆದರೆ ಗುಡ್ಡ ಹತ್ತಿ ಇಳಿದ ಹಸಿವು, ಮುಂದೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ತಾಟು ಖಾಲಿಯಾದದ್ದೇ ಬಾಯಿ ತನ್ನ ಹಳೆಯ ಹಾದಿ ಹಿಡಿಯಿತು.

"ಆಯಿ, ಅಜೂನ ಏಕ ಭಾಕರಿ ದೇ."

ಇನ್ನೊಂದು ರೊಟ್ಟಿ ಕೊಡು ಅಂದದ್ದು, ಅಷ್ಟೇ. ಅಜ್ಜಿ ಅಗಿಯುವುದನ್ನು ನಿಲ್ಲಿಸಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಅವಳಿಗೆ ನನ್ನ ಮೂಗು ಅವ್ವನದೋ, ನನ್ನ ಹಣೆ ಅಪ್ಪನದೋ ಕಾಣುವಂತಿರಲಿಲ್ಲ. ಮಾತು ಮಾತ್ರ ಕೇಳಿತ್ತು.

"ಇದ್ಯಾರದ ಕೂಸವ್ವಾ? ಮರಾಠಿ ಮಾತಾಡತೈತಲ್ಲ. ಬಾಜೂ ಮನೀದೇನು?"

ಅವ್ವ ಒಲೆಯ ಮುಂದೆ ರೊಟ್ಟಿ ತಿರುವುತ್ತಿದ್ದಳು, ಅವಳಿಗೆ ಕೇಳಿಸಿರಲಿಕ್ಕಿಲ್ಲ. ನನ್ನ ಎದೆ ಸಿತಾರದ ಅಂಗಡಿಯ ಮುಂದೆ ಹೋದಾಗಿನ ಹಾಗೆ ಡವಗುಟ್ಟಿತು. ತಾಟು ನೋಡುತ್ತ ಕೂತೆ. ಪಕ್ಕದಲ್ಲಿ ಅಣ್ಣ ಬಾಯೊಳಗಿನ ತುತ್ತು ನುಂಗಿದ, ಒಂದು ಗುಟುಕು ನೀರು ಕುಡಿದ.

"ಅಲ್ರಿ ಅಜ್ಜಿ. ನಮ್ಮ ತಂಗಿ ಆಕಿ. ಆಕಿ ಮಾತಾಡೂದಽ ಹಂಗ."

ಅಂದು, ಅಡುಗೆಮನೆಯ ಕಡೆ ತಿರುಗಿ ಕೂಗಿದ, "ಅವ್ವಾ, ತಂಗೀಗೆ ರೊಟ್ಟಿ ತಾ." ಅವ್ವ ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿದಳು. ನಾನು ಕೇಳಿದ್ದು ಒಂದು, ಅವಳು ಹಾಕಿದ್ದು ಎರಡು. ಎರಡನ್ನೂ ತಿಂದೆ.